ಕೈಪಿಡಿಯ ಬೆಲೆ: ತಂತ್ರಾಂಶದ ಪರಾಮರ್ಶನ ಗ್ರಂಥಗಳ ಇತಿಹಾಸದಲ್ಲಿ ಒಂದು ವ್ಯಾಜ್ಯ

೧

ಶಾಸ್ತ್ರಕಾರನು ಸೂತ್ರವನ್ನು ರಚಿಸಿ ಅಲ್ಲಿಗೇ ಕೈಬಿಟ್ಟರೆ ಶಾಸ್ತ್ರವು ಓದುಗನಿಗೆ ದಕ್ಕುವುದಿಲ್ಲ. ಈ ಮಾತನ್ನು ಕನ್ನಡದ ವೈಯಾಕರಣರು ಚೆನ್ನಾಗಿ ಅರಿತಿದ್ದರು. ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳಿಗೆ ತಾನೇ ವೃತ್ತಿಯನ್ನು ಬರೆದನು. ೧೬೦೪ರಲ್ಲಿ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕನು ೫೯೨ ಸೂತ್ರಗಳನ್ನು ರಚಿಸಿದುದಲ್ಲದೆ, ಅವಕ್ಕೆ ವೃತ್ತಿಯನ್ನೂ ಆ ವೃತ್ತಿಗೆ ವ್ಯಾಖ್ಯಾನವನ್ನೂ ತಾನೇ ಒದಗಿಸಿದನು. ನಿಯಮವನ್ನು ಮಾಡಿದವನಿಗೇ ಅದರ ಅಪವಾದಗಳು ಚೆನ್ನಾಗಿ ಗೊತ್ತಿರುತ್ತವೆ; ಆದುದರಿಂದ ಅವನು ಬರೆದ ವಿವರಣೆಗೆ ಬೇರೆಯವರ ವಿವರಣೆಗಿಲ್ಲದ ಪ್ರಾಮಾಣ್ಯವುಂಟು.

ಗಣಕಯಂತ್ರದ ತಂತ್ರಾಂಶವೂ ಇಂಥದೊಂದು ಶಾಸ್ತ್ರವೇ. ಒಬ್ಬರು ರಚಿಸಿದ ತಂತ್ರಾಂಶದ ಮೇಲೆ ಮತ್ತೊಬ್ಬರು ತಮ್ಮ ತಂತ್ರಾಂಶವನ್ನು ಕಟ್ಟಬೇಕಾದರೆ, ಮೊದಲನೆಯದು ಯಾವ ಪ್ರಶ್ನೆಗೆ ಯಾವ ಉತ್ತರವನ್ನು ಕೊಡುತ್ತದೆ, ಯಾವ ತಪ್ಪಿಗೆ ಹೇಗೆ ವರ್ತಿಸುತ್ತದೆ ಎಂಬುದೆಲ್ಲವೂ ಬರಹದಲ್ಲಿರಬೇಕು. ಈ ಬರಹವೇ ಪರಾಮರ್ಶನ ಗ್ರಂಥ, ಅಥವಾ ಬಳಕೆಯ ಮಾತಿನಲ್ಲಿ ಕೈಪಿಡಿ. ಇದನ್ನು ಕುರಿತು ಎರಡು ಪ್ರಶ್ನೆಗಳು ಮೊದಲಿನಿಂದಲೂ ಇದ್ದುವು. ಬರೆದದ್ದು ಸರಿಯಾಗಿದೆಯೆ, ಪೂರ್ಣವಾಗಿದೆಯೆ ಎಂಬುದು ಒಂದು. ಅದರ ವೆಚ್ಚವನ್ನು ಹೊರತಕ್ಕವರು ಯಾರು ಎಂಬುದು ಇನ್ನೊಂದು. ಇವೆರಡೂ ಬಹುಕಾಲ ವೃತ್ತಿಯವರ ಒಳಮಾತಾಗಿಯೇ ಉಳಿದಿದ್ದುವು. ೧೯೯೮ರಿಂದ ೨೦೧೨ರವರೆಗೆ ಯುರೋಪಿನಲ್ಲಿ ನಡೆದ ಒಂದು ವ್ಯಾಜ್ಯದಲ್ಲಿ ಇವು ನ್ಯಾಯಾಲಯದ ಕಟ್ಟೆಯನ್ನೇರಿ, ಕೋಟಿಗಟ್ಟಲೆ ಹಣದ ಲೆಕ್ಕವಾಗಿ ಪರಿಣಮಿಸಿದುವು. ಆ ವ್ಯಾಜ್ಯದ ಸ್ವರೂಪವನ್ನೂ ಅದರಿಂದ ತಿಳಿದುಬರುವ ಸಂಗತಿಗಳನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ವ್ಯಾಜ್ಯಕ್ಕೆ ಮೊದಲಿನ ಪರಿಸ್ಥಿತಿಯನ್ನು ಸಂಕ್ಷೇಪವಾಗಿ ನೋಡಬೇಕು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ೧ ಯಂತ್ರಕ್ಕೆ ೧೯೪೬ರಲ್ಲಿ ಐನೂರು ಪುಟಗಳನ್ನು ಮೀರಿದ ಕೈಪಿಡಿ ಹೊರಬಂದಿತು. ಅದರ ಬಹುಭಾಗವನ್ನು ಬರೆದವರು ಗ್ರೇಸ್ ಹಾಪರ್. ಕೇಂಬ್ರಿಜ್ಜಿನ ಎಡ್ಸ್ಯಾಕ್ ಯಂತ್ರಕ್ಕೆ ಕ್ರಮವಿಧಿಗಳನ್ನು ಸಿದ್ಧಪಡಿಸುವ ಬಗೆಯನ್ನು ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು ೧೯೫೧ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಯಂತ್ರವನ್ನು ಕಟ್ಟಿದವರು, ನಡೆಸಿದವರು, ವಿವರಿಸಿದವರು ಒಂದೇ ಗುಂಪಿನವರಾಗಿದ್ದ ಕಾಲವದು.

ಅಮೆರಿಕದ ಬೆಲ್ ಪ್ರಯೋಗಶಾಲೆಯ ಯುನಿಕ್ಸ್ ಕೈಪಿಡಿಯೂ ಇದೇ ಪರಂಪರೆಗೆ ಸೇರಿದುದು. ಅದರ ಮೊದಲ ಆವೃತ್ತಿಯ ದಿನಾಂಕ ೧೯೭೧ನೆಯ ನವೆಂಬರ್ ೩. ಯುನಿಕ್ಸನ್ನು ರಚಿಸಿದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರೇ ಅದನ್ನು ಬರೆದರು. ಪ್ರತಿಯೊಂದು ಆದೇಶಕ್ಕೂ ಪ್ರತ್ಯೇಕ ಬರಹ. ಅದರಲ್ಲಿ ಹೆಸರು, ಪ್ರಯೋಗದ ರೂಪ, ವಿವರಣೆ, ಕೊನೆಯಲ್ಲಿ ಲೋಪದೋಷಗಳಿಗೆಂದೇ ಒಂದು ವಿಭಾಗ, ಅದರ ಹೊಣೆಗಾರನ ಹೆಸರು. ಮಾಡಿದ ವಸ್ತುವಿನ ದೋಷವನ್ನು ಮಾಡಿದವನೇ ಅಚ್ಚಿನಲ್ಲಿ ಒಪ್ಪಿಕೊಳ್ಳುವ ಈ ಕ್ರಮ ಕೈಪಿಡಿಗಳ ಇತಿಹಾಸದಲ್ಲಿ ದೊಡ್ಡ ಹೆಜ್ಜೆ. ದೋಷವನ್ನು ಬರೆದು ತೋರಿಸಲು ಸಂಕೋಚವಾದಾಗ ಅದನ್ನು ತಿದ್ದಿಬಿಡುವುದೇ ಲೇಸೆಂದು ತೋರುವುದು ಸಹಜ. ಹೀಗೆ ಕೈಪಿಡಿಯು ತಂತ್ರಾಂಶವನ್ನು ವಿವರಿಸುವುದರೊಡನೆ ಅದನ್ನು ಶುದ್ಧಿಗೊಳಿಸುವ ಕೆಲಸವನ್ನೂ ಮಾಡಿತು.

ಆದರೆ ತಂತ್ರಾಂಶವು ದೊಡ್ಡದಾದಂತೆ ಬರಹದ ಹೊರೆಯೂ ಬೆಳೆಯಿತು. ಐಬಿಎಂ ಸಂಸ್ಥೆಯ ಓಎಸ್/೩೬೦ ನಿರ್ಮಾಣದ ಮೇಲ್ವಿಚಾರಕರಾಗಿದ್ದ ಫ್ರೆಡ್ ಬ್ರೂಕ್ಸ್ ೧೯೭೫ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದರ ಲೆಕ್ಕವನ್ನು ಕೊಟ್ಟಿದ್ದಾರೆ. ಯೋಜನೆಯ ದಾಖಲೆ ಆರು ತಿಂಗಳಲ್ಲಿ ಸುಮಾರು ಐದು ಅಡಿ ದಪ್ಪಕ್ಕೆ ಬೆಳೆಯಿತು. ದಿನವೂ ಬರುತ್ತಿದ್ದ ತಿದ್ದುಪಡಿಯ ಹಾಳೆಗಳೇ ಸುಮಾರು ೧೫೦. ಅವನ್ನು ಸರಿಯಾದ ಸ್ಥಾನದಲ್ಲಿ ಸೇರಿಸುವುದೇ ಪ್ರತಿಯೊಬ್ಬರಿಗೂ ಒಂದು ಕೆಲಸವಾಯಿತು. ಕೊನೆಗೆ ಕಾಗದವನ್ನು ಬಿಟ್ಟು ಮೈಕ್ರೊಫಿಷ್ ಹಾಳೆಗಳಿಗೆ ಬದಲಾಯಿಸಿದಾಗ, ಕೋಣೆಗೊಂದು ಓದುವ ಯಂತ್ರವನ್ನು ಕೊಂಡ ಖರ್ಚನ್ನು ಕಳೆದ ಮೇಲೂ ಹತ್ತು ಲಕ್ಷ ಡಾಲರು ಉಳಿಯಿತಂತೆ. ತನ್ನ ಬಳಕೆಗೆಂದು ಬರೆದುಕೊಂಡ ಪ್ರೋಗ್ರಾಮನ್ನು ಅನ್ಯರೂ ಬಳಸುವಂತೆ ಪರೀಕ್ಷಿಸಿ, ವಿವರಣೆಯೊಡನೆ ಸಿದ್ಧಪಡಿಸಲು ಕನಿಷ್ಠ ಮೂರು ಪಾಲು ವೆಚ್ಚ ತಗಲುತ್ತದೆಂಬುದು ಬ್ರೂಕ್ಸ್ ಅವರ ಎಣಿಕೆ. ಕೈಪಿಡಿ ಎಂಬುದು ತಂತ್ರಾಂಶ ಮುಗಿದ ಮೇಲೆ ಬಿಟ್ಟಿಯಾಗಿ ಸೇರಿಸುವ ಬಾಲವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩

ಬರೆಯುವುದಕ್ಕೆ ಇಷ್ಟು ವೆಚ್ಚವಾದರೆ, ಬರೆಯದೆ ಬಿಡುವುದಕ್ಕೆ ಆಗುವ ವೆಚ್ಚವೆಷ್ಟು? ಅದನ್ನು ತೆರುವವರು ಬೇರೆ ಜನ; ಆದ್ದರಿಂದ ಅದು ನಿರ್ಮಾಪಕನ ಖಾತೆಯಲ್ಲಿ ಕಾಣಿಸುವುದಿಲ್ಲ. ಸಾಂಬಾ ಎಂಬ ತಂತ್ರಾಂಶದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್, ಕಚೇರಿಯ ಸಣ್ಣ ಗಣಕಗಳು ಯುನಿಕ್ಸ್ ಯಂತ್ರದಲ್ಲಿರುವ ಕಡತಗಳನ್ನು ಬಳಸುವಂತೆ ಮಾಡುವ ಉದ್ದೇಶದಿಂದ ೧೯೯೧-೯೨ರ ಸುಮಾರಿಗೆ ಒಂದು ಪ್ರೋಗ್ರಾಮನ್ನು ಬರೆಯಲಾರಂಭಿಸಿದರು. ಎರಡು ಯಂತ್ರಗಳು ತಮ್ಮೊಳಗೆ ಮಾತನಾಡುವಾಗ ಅನುಸರಿಸುವ ನಿಯಮಾವಳಿಗೆ ಪ್ರೋಟೊಕಾಲ್ ಎಂದು ಹೆಸರು. ಅವರಿಗೆ ಬೇಕಾದ ಪ್ರೋಟೊಕಾಲಿನ ಪೂರ್ಣ ವಿವರಣೆ ಅವರ ಕೈಗೆ ದೊರೆಯಲಿಲ್ಲ. ಆಗ ಅವರು ತಂತಿಯ ಮೇಲೆ ಹಾದುಹೋಗುವ ಸಂದೇಶಗಳನ್ನು ಹಿಡಿದು, ಒಂದೊಂದನ್ನೂ ಬಿಡಿಸಿ ನೋಡಿ, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆಂಬುದನ್ನು ಊಹಿಸಿ ಬರೆದರು. ಫ್ರೆಂಚ್ ಬಾರದವನೊಬ್ಬನು ಫ್ರಾನ್ಸಿನ ಕಾಫಿ ಅಂಗಡಿಯಲ್ಲಿ ಕುಳಿತು, ಗಿರಾಕಿ ಕೇಳಿದ್ದೇನು, ಪರಿಚಾರಿಕೆ ತಂದುಕೊಟ್ಟದ್ದೇನು ಎಂದು ನೋಡುತ್ತ ಆ ಭಾಷೆಯನ್ನು ಕಲಿಯುವುದಕ್ಕೆ ಈ ವಿಧಾನವನ್ನು ಅವರು ಹೋಲಿಸಿದ್ದಾರೆ. ಭಾಷೆ ಬಾರದ ಊರಿಗೆ ಹೊಟ್ಟೆಪಾಡಿಗಾಗಿ ಬಂದು ಸಂತೆಯಲ್ಲಿ, ಟ್ರಾಮಿನಲ್ಲಿ, ಕಚೇರಿಯಲ್ಲಿ ಕಿವಿಗೊಟ್ಟು ಮರಾಠಿಯನ್ನೋ ಹಿಂದಿಯನ್ನೋ ಕಲಿತ ಕನ್ನಡಿಗನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಕಲಿತ ಭಾಷೆ ನಿತ್ಯದ ವ್ಯವಹಾರಕ್ಕೆ ಸಾಕಾಗುತ್ತದೆ; ಆದರೆ ಅಪರೂಪದ ಪ್ರಯೋಗ ಎದುರಾದಾಗ ಮೋಸಮಾಡುತ್ತದೆ.

ಸಾಂಬಾದ ಸ್ಥಿತಿಯೂ ಇದೇ ಆಗಿದ್ದಿತು. ಜಗತ್ತಿನ ಅನೇಕ ಕಡೆಗಳಿಂದ ಪ್ರೋಗ್ರಾಮು ಬರೆಯುವವರು ಬಂದು ಕೂಡಿಕೊಂಡರು. ಕಡತಗಳ ಹಂಚಿಕೆ, ಮುದ್ರಣ ಇವೆಲ್ಲ ಸಾಧ್ಯವಾದುವು. ಆದರೆ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಪ್ರತಿಯೊಂದು ಹೊಸ ಆವೃತ್ತಿಯಲ್ಲಿ ನಿಯಮಗಳನ್ನು ವಿಸ್ತರಿಸಿದಂತೆಲ್ಲ ಅವರು ಮತ್ತೆ ಮತ್ತೆ ತಂತಿಯ ಬಳಿ ಕುಳಿತು ಕೇಳಬೇಕಾಯಿತು. ಒಬ್ಬರು ಬರೆದಿಟ್ಟಿದ್ದರೆ ತೀರುತ್ತಿದ್ದ ಕೆಲಸವನ್ನು ಹತ್ತಾರು ಜನ ವರ್ಷಗಟ್ಟಲೆ ಊಹೆಯಿಂದ ಮಾಡಿದರು.

೪

ವ್ಯಾಜ್ಯದ ಬೀಜವು ಒಂದು ಪತ್ರದಲ್ಲಿದೆ. ೧೯೯೮ನೆಯ ಸೆಪ್ಟೆಂಬರ್ ೧೫ರಂದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಮೈಕ್ರೋಸಾಫ್ಟಿಗೆ ಬರೆದು, ತನ್ನ ಸರ್ವರುಗಳು ವಿಂಡೋಸ್ ಯಂತ್ರಗಳೊಡನೆ ಸರಿಯಾಗಿ ವ್ಯವಹರಿಸಲು ಬೇಕಾದ ವಿವರಗಳನ್ನು ಕೇಳಿತು. ಅಕ್ಟೋಬರ್ ೬ರಂದು ಬಂದ ಉತ್ತರವು ನಿರಾಕರಣೆಯ ರೂಪದಲ್ಲಿದ್ದಿತು. ಡಿಸೆಂಬರಿನಲ್ಲಿ ಸನ್ ಸಂಸ್ಥೆ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟಿತು. ವಿಚಾರಣೆ ಐದು ವರ್ಷಗಳಿಗೂ ಹೆಚ್ಚು ಕಾಲ ನಡೆದು, ೨೦೦೪ನೆಯ ಮಾರ್ಚ್ ೨೪ರಂದು ತೀರ್ಪು ಹೊರಬಿದ್ದಿತು. ಮಾರುಕಟ್ಟೆಯಲ್ಲಿ ತನಗಿದ್ದ ಪ್ರಾಬಲ್ಯವನ್ನು ಮೈಕ್ರೋಸಾಫ್ಟ್ ದುರುಪಯೋಗಪಡಿಸಿಕೊಂಡಿದೆಯೆಂದು ಕಮಿಷನ್ ನಿರ್ಣಯಿಸಿ ಸುಮಾರು ೪೯.೭ ಕೋಟಿ ಯೂರೊ ದಂಡವನ್ನು ವಿಧಿಸಿತು. ಈ ದಂಡದಲ್ಲಿ ವಿಂಡೋಸ್ ಜೊತೆಗೆ ಮೀಡಿಯಾ ಪ್ಲೇಯರನ್ನು ಕಟ್ಟಿ ಮಾರಿದ ತಪ್ಪೂ ಸೇರಿದ್ದಿತು. ಪ್ರಕೃತ ವಿಷಯಕ್ಕೆ ಸಂಬಂಧಿಸಿದುದು ತೀರ್ಪಿನ ಇನ್ನೊಂದು ಆಜ್ಞೆ: ೧೨೦ ದಿವಸಗಳೊಳಗೆ ಪೂರ್ಣವೂ ನಿಖರವೂ ಆದ ವಿವರಣೆಯನ್ನು ಸಿದ್ಧಪಡಿಸಿ, ಸ್ಪರ್ಧಿಗಳಿಗೆ ನ್ಯಾಯವಾದ ಷರತ್ತುಗಳ ಮೇಲೆ ಒದಗಿಸತಕ್ಕದ್ದು.

ಕಾಗದದ ಮೇಲೆ ಇದು ಸಣ್ಣ ಆಜ್ಞೆಯಂತೆ ಕಾಣುತ್ತದೆ. ಆದರೆ ಪೂರ್ಣತೆ, ನಿಖರತೆ ಎಂಬುವನ್ನು ಅಳೆಯುವುದು ಹೇಗೆ? ೨೦೦೫ರಲ್ಲಿ ನೀಲ್ ಬ್ಯಾರೆಟ್ ಎಂಬ ಗಣಕತಜ್ಞರನ್ನು ಈ ಕೆಲಸದ ಮೇಲ್ವಿಚಾರಕರನ್ನಾಗಿ ನೇಮಿಸಲಾಯಿತು. ಅವರು ಅಂದಿನ ಬರಹವನ್ನು ಪರೀಕ್ಷಿಸಿ, ಅದು ಉದ್ದಿಷ್ಟ ಕೆಲಸಕ್ಕೆ ಬಾರದೆಂದು ವರದಿಮಾಡಿದರು. ಮೈಕ್ರೋಸಾಫ್ಟ್ ಇದನ್ನು ಒಪ್ಪಲಿಲ್ಲ. ತನ್ನ ನೂರಾರು ನೌಕರರೂ ಗುತ್ತಿಗೆದಾರರೂ ೩೦,೦೦೦ ಗಂಟೆಗಳಿಗೂ ಹೆಚ್ಚು ಕಾಲ ದುಡಿದು ೧೨,೦೦೦ ಪುಟಗಳನ್ನು ಸಿದ್ಧಪಡಿಸಿರುವರೆಂದು ೨೦೦೬ರ ಫೆಬ್ರವರಿಯಲ್ಲಿ ಅದು ಹೇಳಿಕೊಂಡಿತು. ಪುಟವೊಂದಕ್ಕೆ ಎರಡೂವರೆ ಗಂಟೆ ಎಂದಾಯಿತು. ಎಂದೋ ಮಾಡಿದ ವಸ್ತುವನ್ನು ವರ್ಷಗಳ ಮೇಲೆ ವಿವರಿಸ ಹೊರಟರೆ ಎಷ್ಟು ದುಡಿಮೆ ಬೇಕಾಗುತ್ತದೆಂಬುದಕ್ಕೆ ಈ ಅಂಕೆಗಳು ಸಾಕ್ಷಿ. ಕೇಳಿದುದರ ಮಟ್ಟ ಯಾವುದೆಂದು ಮೊದಲೇ ಸ್ಪಷ್ಟಪಡಿಸಲಿಲ್ಲವೆಂದೂ ಆ ಸಂಸ್ಥೆ ಆಕ್ಷೇಪಿಸಿತು. ಈ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಒಳಗಿನವರಿಗೆ ಸಂದೇಹ ಬಂದಾಗ ಅವರು ಮೂಲ ಸಂಕೇತವನ್ನೇ ತೆರೆದು ನೋಡಬಹುದಾಗಿದ್ದಿತು. ಹೊರಗಿನವರಿಗಾಗಿ ಬರೆಯಬೇಕಾದ ಅಗತ್ಯ ಅವರಿಗೆಂದೂ ಬಂದಿರಲಿಲ್ಲ.

೨೦೦೬ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಮುಂದಿಟ್ಟ ಒಂದು ಸಲಹೆ ಬಹಳ ವಿಚಾರಾರ್ಹವಾದುದು. ವಿವರಣೆ ಸಾಲದೆಂದಾದರೆ ಮೂಲ ಸಂಕೇತದ ಸಂಬಂಧಪಟ್ಟ ಭಾಗಗಳನ್ನೇ ನೋಡಲು ಪರವಾನಗಿ ಕೊಡುವೆನೆಂದು ಅದು ಹೇಳಿತು. ಕಮಿಷನ್ ಇದರಿಂದ ತೃಪ್ತವಾಗಲಿಲ್ಲ. ಸಂಕೇತವು ಯಂತ್ರ ಇಂದು ಏನು ಮಾಡುತ್ತದೆಂಬುದನ್ನು ಹೇಳುತ್ತದೆ. ಯಾವುದು ನಿಯಮ, ಯಾವುದು ಆಕಸ್ಮಿಕ, ಯಾವುದು ನಾಳೆಯೂ ಉಳಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಇದಲ್ಲದೆ, ಬೇರೆಯವರ ಸಂಕೇತವನ್ನು ನೋಡಿದವನು ಅನಂತರ ತನ್ನದನ್ನು ಬರೆದರೆ ನಕಲು ಮಾಡಿದನೆಂಬ ಆರೋಪಕ್ಕೂ ಗುರಿಯಾಗಬಹುದು. ಲೆಕ್ಕದ ಸಾರಾಂಶವನ್ನು ಕೇಳಿದವನ ಮುಂದೆ ಗೋದಾಮಿನ ಬೀಗದ ಕೈಯನ್ನು ಇಟ್ಟಂತಾಯಿತು.

೨೦೦೬ನೆಯ ಜುಲೈ ೧೨ರಂದು ಕಮಿಷನ್ ಎರಡನೆಯ ದಂಡವನ್ನು ವಿಧಿಸಿತು. ೨೦೦೫ನೆಯ ಡಿಸೆಂಬರ್ ೧೬ರಿಂದ ೨೦೦೬ನೆಯ ಜೂನ್ ೨೦ರವರೆಗಿನ ೧೮೭ ದಿವಸಗಳಿಗೆ ದಿನವೊಂದಕ್ಕೆ ೧೫ ಲಕ್ಷ ಯೂರೊ, ಒಟ್ಟು ೨೮.೦೫ ಕೋಟಿ ಯೂರೊ. ಈ ದಂಡದ ಕಾರಣವು ಒಂದೇ: ಕೈಪಿಡಿ ಪೂರ್ಣವಾಗಿಯೂ ನಿಖರವಾಗಿಯೂ ಇರಲಿಲ್ಲ. ಗ್ರಂಥದ ಗುಣದೋಷವು ಓದುಗನ ಅಸಮಾಧಾನಕ್ಕೆ ವಿಷಯವಾಗುವುದು ಸಾಮಾನ್ಯ. ದಿನಲೆಕ್ಕದ ದಂಡಕ್ಕೆ ವಿಷಯವಾದುದು ಅಪೂರ್ವ.

ಅಮೆರಿಕದಲ್ಲಿಯೂ ಇದಕ್ಕೆ ಸಮಾನಾಂತರವಾಗಿ ಒಂದು ಕ್ರಮ ನಡೆದಿದ್ದಿತು. ಅಲ್ಲಿಯ ೨೦೦೨ರ ತೀರ್ಪಿನ ಮೇರೆಗೆ ಪ್ರೋಟೊಕಾಲುಗಳ ವಿವರಣೆಯನ್ನು ಪರೀಕ್ಷಿಸಲು ತಜ್ಞರ ಸಮಿತಿಯೊಂದಿದ್ದಿತು. ತಂತ್ರಾಂಶದ ದೋಷಗಳನ್ನು ಪಟ್ಟಿಮಾಡುವಂತೆಯೇ ಬರಹದ ದೋಷಗಳನ್ನೂ ಪಟ್ಟಿಮಾಡಿ, ಎಷ್ಟು ತೀರಿದುವು, ಎಷ್ಟು ಉಳಿದುವು ಎಂದು ನ್ಯಾಯಾಲಯಕ್ಕೆ ಆಗಿಂದಾಗ್ಗೆ ವರದಿ ಒಪ್ಪಿಸಲಾಗುತ್ತಿದ್ದಿತು. ೨೦೦೭ರಲ್ಲಿ ಮುಗಿಯಬೇಕಾಗಿದ್ದ ಈ ಮೇಲ್ವಿಚಾರಣೆ, ಮುಖ್ಯವಾಗಿ ಬರಹದ ಕೊರತೆಯ ಕಾರಣದಿಂದಲೇ ಮುಂದುವರಿದು ೨೦೧೧ನೆಯ ಮೇ ತಿಂಗಳಲ್ಲಿ ಕೊನೆಗೊಂಡಿತು.

೫

ಗುಣದ ಪ್ರಶ್ನೆಯ ಬೆನ್ನಲ್ಲೇ ಬೆಲೆಯ ಪ್ರಶ್ನೆ ಬಂದಿತು. ಮೊದಲು ಮೈಕ್ರೋಸಾಫ್ಟ್ ಕೇಳಿದ್ದು, ವಿವರಣೆಯನ್ನು ಪಡೆದವನು ತನ್ನ ಸರಕನ್ನು ಮಾರಿ ಗಳಿಸುವ ಹಣದಲ್ಲಿ ಶೇಕಡಾ ೨.೯೮ ಭಾಗ; ಪೇಟೆಂಟುಗಳ ಪರವಾನಗಿಗೆ ಶೇಕಡಾ ೩.೮೭. ೨೦೦೭ನೆಯ ಮೇ ತಿಂಗಳಲ್ಲಿ ಯುರೋಪಿನೊಳಗಿನ ಮಾರಾಟಕ್ಕೆ ಮಾತ್ರ ಇವು ಕ್ರಮವಾಗಿ ೦.೫ ಮತ್ತು ೦.೭ಕ್ಕೆ ಇಳಿದುವು. ಆ ವರ್ಷದ ಸೆಪ್ಟೆಂಬರ್ ೧೭ರಂದು ಯುರೋಪಿನ ಪ್ರಥಮ ದರ್ಜೆಯ ನ್ಯಾಯಾಲಯವು ೨೦೦೪ರ ತೀರ್ಪನ್ನು ಮುಖ್ಯಾಂಶಗಳಲ್ಲಿ ಎತ್ತಿಹಿಡಿಯಿತು. ಮೈಕ್ರೋಸಾಫ್ಟ್ ಮೇಲ್ಮನವಿಗೆ ಹೋಗಲಿಲ್ಲ. ಅಕ್ಟೋಬರ್ ೨೨ರಿಂದ ಬೆಲೆಯ ಸ್ವರೂಪವೇ ಬದಲಾಯಿತು: ವಿವರಣೆಗೆ ಒಂದು ಸಲ ೧೦,೦೦೦ ಯೂರೊ ಕೊಟ್ಟರೆ ಸಾಕು, ಪೇಟೆಂಟು ಬೇಕೆನ್ನುವವರಿಗೆ ಮಾತ್ರ ಶೇಕಡಾ ೦.೪.

ಮಾರಾಟದ ಶೇಕಡಾವಾರು ಪಾಲಿಗೂ ಒಂದೇ ಸಲದ ಮೊತ್ತಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಸಾಂಬಾದಂತಹ ತಂತ್ರಾಂಶವನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಮಾರಾಟದ ಲೆಕ್ಕವೇ ಇಲ್ಲದವನು ಮಾರಾಟದ ಪಾಲನ್ನು ಕೊಡುವುದಾದರೂ ಹೇಗೆ? ಆದುದರಿಂದ ದರವು ಎಷ್ಟೇ ಕಡಮೆಯಾದರೂ ಆ ಪದ್ಧತಿಯಲ್ಲಿ ಅವರಿಗೆ ಬಾಗಿಲು ಮುಚ್ಚಿಯೇ ಇರುತ್ತಿದ್ದಿತು. ಒಂದೇ ಸಲದ ಮೊತ್ತವು ಆ ಬಾಗಿಲನ್ನು ತೆರೆಯಿತು. ೨೦೦೭ನೆಯ ಡಿಸೆಂಬರಿನಲ್ಲಿ ಸಾಂಬಾದವರ ಪರವಾಗಿ ಒಂದು ಸಂಸ್ಥೆ ೧೦,೦೦೦ ಯೂರೊಗಳನ್ನು ಕೊಟ್ಟು ವಿವರಣೆಯನ್ನು ಪಡೆಯಿತು. ಆ ಬರಹವನ್ನು ಪ್ರಕಟಿಸುವಂತಿರಲಿಲ್ಲ. ಅದನ್ನು ಓದಿ ಬರೆದ ತಂತ್ರಾಂಶವನ್ನು ಪ್ರಕಟಿಸಬಹುದಾಗಿದ್ದಿತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಕಟ್ಟೂ ಸಡಿಲಿತು. ೨೦೦೮ನೆಯ ಫೆಬ್ರವರಿ ೨೧ರಂದು ಮೈಕ್ರೋಸಾಫ್ಟ್, ೩೦,೦೦೦ಕ್ಕೂ ಹೆಚ್ಚು ಪುಟಗಳ ವಿವರಣೆಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಬೆಲೆಯಿಲ್ಲದೆ ಓದುವಂತೆ ಇಡುವುದಾಗಿ ಪ್ರಕಟಿಸಿತು. ಆದರೂ ಹಳೆಯ ಬೆಲೆಯ ಲೆಕ್ಕ ತೀರಿರಲಿಲ್ಲ. ೨೦೦೭ನೆಯ ಅಕ್ಟೋಬರ್ ೨೧ರವರೆಗೆ ಕೇಳಿದ ಬೆಲೆ ನ್ಯಾಯವಾದುದಾಗಿರಲಿಲ್ಲವೆಂದು ಕಮಿಷನ್ ನಿರ್ಣಯಿಸಿ, ಫೆಬ್ರವರಿ ೨೭ರಂದು ೮೯.೯ ಕೋಟಿ ಯೂರೊ ದಂಡ ವಿಧಿಸಿತು. ೨೦೧೨ನೆಯ ಜೂನ್ ೨೭ರಂದು ನ್ಯಾಯಾಲಯವು ಇದನ್ನು ೮೬ ಕೋಟಿಗೆ ಇಳಿಸಿತು. ಕೈಪಿಡಿಯ ದೋಷಕ್ಕೆ ೨೮.೦೫ ಕೋಟಿ, ಅದರ ಬೆಲೆಗೆ ೮೬ ಕೋಟಿ: ಈ ಎರಡು ಅಂಕಣಗಳನ್ನು ಕೂಡಿಸಿದರೆ ೧೧೪.೦೫ ಕೋಟಿ ಯೂರೊ ಆಗುತ್ತದೆ.

ಫಲವೇನಾಯಿತು? ೨೦೧೨ನೆಯ ಡಿಸೆಂಬರಿನಲ್ಲಿ ಸಾಂಬಾದ ನಾಲ್ಕನೆಯ ಆವೃತ್ತಿ ಹೊರಬಂದಿತು. ಕಚೇರಿಯೊಂದರ ಎಲ್ಲ ಬಳಕೆದಾರರ ಹೆಸರು, ಗುರುತು, ಅಧಿಕಾರಗಳನ್ನು ಒಂದೆಡೆ ಕಾಯ್ದಿಡುವ ಆ್ಯಕ್ಟಿವ್ ಡೈರೆಕ್ಟರಿಯ ಕೆಲಸವನ್ನು ವಿಂಡೋಸ್ ಸರ್ವರಿನ ಬದಲಾಗಿ ತಾನೇ ಮಾಡಬಲ್ಲ ಶಕ್ತಿ ಅದಕ್ಕೆ ಬಂದಿದ್ದಿತು. ಮೈಕ್ರೋಸಾಫ್ಟ್ ಪ್ರಕಟಿಸಿದ ಅಧಿಕೃತ ವಿವರಣೆಯ ಮತ್ತು ಪರೀಕ್ಷಾ ಸೌಕರ್ಯದ ನೆರವನ್ನು ಸಾಂಬಾದವರು ಆ ಸಂದರ್ಭದಲ್ಲಿ ಬಹಿರಂಗವಾಗಿ ಸ್ಮರಿಸಿದರು. ಇಪ್ಪತ್ತು ವರ್ಷಗಳ ಕಾಲ ಕಾಫಿ ಅಂಗಡಿಯಲ್ಲಿ ಕುಳಿತು ಕಿವಿಗೊಟ್ಟವರ ಕೈಗೆ ಕೊನೆಗೂ ವ್ಯಾಕರಣದ ಪುಸ್ತಕ ಬಂದಿದ್ದಿತು.

೬

ಇಲ್ಲಿಗೆ ಕಥೆ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಓದುಗನು ಬೆಲೆ ಕೊಡಬೇಕಾಗಿಲ್ಲವೆಂದಾಕ್ಷಣ ಗ್ರಂಥಕ್ಕೆ ವೆಚ್ಚವೇ ಇಲ್ಲವೆಂದಾಗುವುದಿಲ್ಲ. ಆ ವೆಚ್ಚವು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ, ಅಷ್ಟೆ.

ಜಾಲಪುಟಗಳನ್ನು ರಚಿಸುವವರಿಗೆ ಪ್ರಮಾಣಗ್ರಂಥದಂತಿರುವ ಎಂಡಿಎನ್ ಎಂಬ ಪರಾಮರ್ಶನ ಸಂಗ್ರಹವು ಇದಕ್ಕೆ ಸಾಕ್ಷಿ. ೨೦೦೫ರಲ್ಲಿ ಮೊಜಿಲ್ಲಾ ಸಂಸ್ಥೆ ಇದನ್ನು ಆರಂಭಿಸಿತು. ಸಂಬಳದ ಬರಹಗಾರರೂ ಸ್ವಯಂಸೇವಕರೂ ಒಡಗೂಡಿ ಇದನ್ನು ಬೆಳೆಸಿದರು. ಓದುವವರಿಂದ ಹಣ ಕೇಳಲಿಲ್ಲ. ೨೦೨೦ನೆಯ ಆಗಸ್ಟಿನಲ್ಲಿ ಮೊಜಿಲ್ಲಾ ಸುಮಾರು ೨೫೦ ನೌಕರರನ್ನು ಕೆಲಸದಿಂದ ತೆಗೆಯಿತು. ಅವರಲ್ಲಿ ಈ ಸಂಗ್ರಹದ ಬರಹಗಾರರಲ್ಲಿ ಅನೇಕರು ಸೇರಿದ್ದರು. ಲಕ್ಷಾಂತರ ಜನ ನಿತ್ಯವೂ ತೆರೆಯುವ ಗ್ರಂಥವು ಬೆರಳೆಣಿಕೆಯ ಜನರ ಸಂಬಳದ ಮೇಲೆ ನಿಂತಿದ್ದಿತೆಂಬುದು ಆಗ ಎಲ್ಲರಿಗೂ ತಿಳಿಯಿತು. ೨೦೨೧ನೆಯ ಜನವರಿಯಲ್ಲಿ ಓಪನ್ ವೆಬ್ ಡಾಕ್ಸ್ ಎಂಬ ಸಹಕಾರದ ವ್ಯವಸ್ಥೆ ಹುಟ್ಟಿ, ದಾನದ ಹಣದಿಂದ ಬರಹಗಾರರನ್ನು ನೇಮಿಸಿಕೊಂಡು ಕೆಲಸವನ್ನು ಮುಂದುವರಿಸಿತು. ಮೊದಲಲ್ಲಿಯೇ ಹಣ ಕೊಟ್ಟವರಲ್ಲಿ ಗೂಗಲ್ ಸಂಸ್ಥೆಯೊಡನೆ ಮೈಕ್ರೋಸಾಫ್ಟ್ ಸಹ ಇದ್ದಿತು. ಕೈಪಿಡಿಗೆ ಶೇಕಡಾ ೨.೯೮ ಕೇಳಿದ್ದ ಸಂಸ್ಥೆಯೇ ಹದಿನೈದು ವರ್ಷ ತುಂಬುವಷ್ಟರಲ್ಲಿ ಕೈಪಿಡಿಗೆ ದಾನಿಯಾದುದು ಕಾಲಧರ್ಮದ ಪಲ್ಲಟವನ್ನು ತೋರಿಸುತ್ತದೆ. ಒಳ್ಳೆಯ ವಿವರಣೆಯಿದ್ದೆಡೆಗೆ ತಂತ್ರಾಂಶ ರಚಿಸುವವರು ಬರುತ್ತಾರೆ, ಅವರ ಹಿಂದೆ ಗಿರಾಕಿಗಳು ಬರುತ್ತಾರೆ ಎಂಬುದನ್ನು ದೊಡ್ಡ ಸಂಸ್ಥೆಗಳು ಅಷ್ಟರಲ್ಲಿ ಅರಿತುಕೊಂಡಿದ್ದುವು.

ಆದರೆ ದಾನದ ಮೇಲೆ ನಿಂತ ಗ್ರಂಥವು ದಾನಿಗೆ ಬೇಕಾದಷ್ಟೇ ಬೆಳೆಯುವ ಅಪಾಯವುಂಟು. ಎಂಡಿಎನ್ ಸಂಗ್ರಹವು ೨೦೨೦ರ ಅನಂತರ ಅನುವಾದಗಳನ್ನು ಕೆಲವೇ ಭಾಷೆಗಳಿಗೆ ಸೀಮಿತಗೊಳಿಸಿತು. ಫ್ರೆಂಚ್, ಜಪಾನಿ, ಚೀನಿ, ಕೊರಿಯನ್, ರಷ್ಯನ್, ಸ್ಪ್ಯಾನಿಷ್ ಮೊದಲಾದುವು ಉಳಿದುವು. ಅವುಗಳಲ್ಲಿ ಕನ್ನಡವಿಲ್ಲ, ಭಾರತದ ಬೇರಾವ ಭಾಷೆಯೂ ಇಲ್ಲ. ಬೆಂಗಳೂರು, ಪುಣೆ, ಹೈದರಾಬಾದುಗಳ ಕಚೇರಿಗಳಲ್ಲಿ ಕುಳಿತು ಜಗತ್ತಿನ ತಂತ್ರಾಂಶವನ್ನು ರಚಿಸುವ ಜನರಲ್ಲಿ ಕನ್ನಡಿಗರ ಸಂಖ್ಯೆ ಕಡಮೆಯೇನೂ ಇಲ್ಲ. ಆದರೂ ಅವರ ವಿದ್ಯೆಯ ವೃತ್ತಿಗ್ರಂಥ ಅವರ ಭಾಷೆಯಲ್ಲಿಲ್ಲ. ಇಂಗ್ಲಿಷ್ ಬಲ್ಲವರಿಗೆ ಇದು ಕೊರತೆಯೆಂದು ತೋರದಿರಬಹುದು; ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗನು ಮಾತ್ರ ಟ್ರಿಡ್ಜೆಲ್ಲರಂತೆ ಊಹಿಸುತ್ತ ಕಲಿಯಬೇಕಾಗುತ್ತದೆ. ಬರೆಯದೆ ಬಿಟ್ಟುದರ ವೆಚ್ಚವನ್ನು ಇಲ್ಲಿಯೂ ಯಾರೋ ತೆರುತ್ತಿದ್ದಾರೆ. ಅದು ಯಾವ ಖಾತೆಯಲ್ಲಿಯೂ ದಾಖಲಾಗುತ್ತಿಲ್ಲ.

ಈ ಇತಿಹಾಸದಿಂದ ಸಿದ್ಧವಾಗುವ ಅಂಶಗಳು ಇವು. ಮಾಡುವಾಗಲೇ ಮಾಡಿದವನೇ ಬರೆದ ಕೈಪಿಡಿಗೆ ವೆಚ್ಚ ಕಡಮೆ, ಪ್ರಾಮಾಣ್ಯ ಹೆಚ್ಚು. ಯುನಿಕ್ಸ್ ಅದಕ್ಕೆ ನಿದರ್ಶನ. ಬರೆಯದೆ ಬಿಟ್ಟು ಕಾಲಾನಂತರದಲ್ಲಿ ಬಲವಂತಕ್ಕೆ ಬರೆದರೆ ವೆಚ್ಚ ಹಲವು ಮಡಿಯಾಗುತ್ತದೆ, ಗುಣವೂ ಸಂದೇಹಕ್ಕೆ ಒಳಗಾಗುತ್ತದೆ. ೨೦೦೪ರ ಅನಂತರದ ವರ್ಷಗಳು ಅದಕ್ಕೆ ಸಾಕ್ಷಿ. ಬೆಲೆ ಕಟ್ಟಿದರೆ ಓದುಗನು ಹೊರಗುಳಿಯುತ್ತಾನೆ. ಬೆಲೆಯನ್ನು ತೆಗೆದುಹಾಕಿ ಬರಹಗಾರನ ಜೀವನಕ್ಕೆ ದಾರಿಮಾಡದಿದ್ದರೆ ಗ್ರಂಥವು ಅರ್ಧಕ್ಕೆ ನಿಲ್ಲುತ್ತದೆ. ಭಟ್ಟಾಕಳಂಕನು ಸೂತ್ರ, ವೃತ್ತಿ, ವ್ಯಾಖ್ಯಾನ ಮೂರನ್ನೂ ಒಂದೇ ಕೈಯಿಂದ ಬರೆದು ಮುಗಿಸಿದನು. ಆ ಸೌಲಭ್ಯ ಇಂದಿನ ಬೃಹತ್ ತಂತ್ರಾಂಶಗಳಿಗಿಲ್ಲ. ಅನೇಕ ಕೈಗಳು ಬೇಕು, ಆ ಕೈಗಳಿಗೆ ಕೂಲಿಯೂ ಬೇಕು. ಸೂತ್ರಕ್ಕೆ ಹಣವನ್ನು ತೆಗೆದಿಡುವಾಗಲೇ ವೃತ್ತಿಗೂ ತೆಗೆದಿಡತಕ್ಕದ್ದೆಂಬುದು ಆ ೧೧೪ ಕೋಟಿ ಯೂರೊಗಳು ಕಲಿಸಿದ ಪಾಠ.